ಒಂದೇ ಕಡೆ ಕಾಲು

ಇಂಗ್ಲೆಂಡಿನ ಡರ್ಬಿಯಲ್ಲಿ ಕೆಲಸ ಮಾಡುವ ಗಂಡ ಉಲ್ಲಾಸನ ಸಹೋದ್ಯೋಗಿಗಳ ಜೊತೆ ಕೆರಿಬಿಯನ್ನಿನಲ್ಲಿ ಹಾಯಿದೋಣಿ ಪ್ರವಾಸ. ಅವರೆಲ್ಲ ಮೇಲೆ ಹಾಯಿ ಎಳೆಯುತ್ತಿದ್ದರು. ಮ್ಯಾಂಚೆಸ್ಟರಿನ ಆಸ್ಪತ್ರೆಯಲ್ಲಿ ಸರ್ಜನ್ ಆಗಿರುವ ನಾನು ಕೆಳಗೆ ಈರುಳ್ಳಿ ಹೆಚ್ಚುತ್ತಿದ್ದೆ.

ಪುಟ್ಟ ದ್ವೀಪವೊಂದರಲ್ಲಿ ಉಲ್ಲಾಸ್ ಬಾಡಿಗೆ ಸ್ಕೂಟರ್ ತಂದು, "ಹತ್ಕೋ ಗೌರಿ" ಎಂದ.

ಮೈಸೂರಿನಲ್ಲಿ ನನ್ನದೇ ಸ್ಕೂಟರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದವಳು ನಾನು. ಮದುವೆಯಾದ ಮೇಲೆ ಇವನ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂರುವವಳಾದೆ.

ಈ ಸಲ ಅವನ ಕೈಯಿಂದ ಕೀ ಕಿತ್ತುಕೊಂಡೆ. "ನೀನು ಹಿಂದೆ ಕೂತ್ಕೋ."

"ಎಲ್ರೂ ನೋಡ್ತಿದಾರೆ ಕಣೇ!"

"ನೋಡ್ಲಿ."

ಅವನನ್ನು ಕೂರಿಸಿಕೊಂಡು ಗುಡ್ಡ, ಚರ್ಚು, ಕಡಲತೀರ ಎಲ್ಲ ಸುತ್ತಿ ಬಂದೆ. ದೋಣಿಯಿಂದ ಅವನ ಗೆಳೆಯರು ಊಟ ಎಷ್ಟೊತ್ತಿಗೆ ಎಂದು ಕೂಗಿದರು. ಉಲ್ಲಾಸ್ ಇಳಿದು ನನ್ನ ಮುಖ ನೋಡಿದ.

"ಈರುಳ್ಳಿ ಕೆಳಗಿದೆ, ಹೆಚ್ಚು ಹೋಗು" ಎಂದು ಹೇಳಿ, ಇನ್ನೊಂದು ಸುತ್ತಿಗೆ ಒಬ್ಬಳೇ ಹೊರಟೆ.