ನೆಂಟ ಪದಗಳು

"ಬೇಡ, ಬೇಡ! ಪೊರಕೆ ಕೆಳಗಿಡಿ!" ಎಂದು ಅಂಗಳದಲ್ಲಿದ್ದವರೆಲ್ಲ ಒಟ್ಟಿಗೇ ಕೂಗಿಕೊಂಡಾಗ ಡೆರಿಕ್ ಕಕ್ಕಾಬಿಕ್ಕಿಯಾಗಿ ನಿಂತುಬಿಟ್ಟ.

ಮದುವೆಯ ಹಿಂದಿನ ದಿನ ಹುಡುಗಿಯ ಮನೆ ಬಾಗಿಲಲ್ಲಿ ನೆರೆಹೊರೆಯವರು ಹಳೇ ಪಿಂಗಾಣಿ ಒಡೆಯುತ್ತಾರೆ, ಚೂರುಗಳನ್ನು ಮದುಮಕ್ಕಳಿಬ್ಬರೇ ಗುಡಿಸಬೇಕು, ಬೇರೆಯವರು ಪೊರಕೆ ಮುಟ್ಟಿದರೆ ಸಂಸಾರಕ್ಕೆ ಒಳ್ಳೆಯದಲ್ಲ. ಮಗನ ಮದುವೆಗೆಂದು ಇಂಗ್ಲೆಂಡಿನಿಂದ ಜರ್ಮನಿಗೆ ಬಂದಿದ್ದ ಬಸ್ ಡ್ರೈವರಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಸೊಸೆಯಾಗುವವಳು ಬೆನ್ನು ಬಗ್ಗಿಸಿ ಗುಡಿಸುವುದನ್ನು ನೋಡಲಾರದೆ ಸಹಾಯಕ್ಕೆ ಹೋಗಿದ್ದ, ಅಷ್ಟೆ.

ಆಲೂಗಡ್ಡೆ ಸಲಾಡಿನ ಪಾತ್ರೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ ಗುಡ್ರುನ್‌ಗೆ ಹುಡುಗಿಯ ತಾಯಿಯಾಗಿ ಖುಷಿಪಡಬೇಕಾದ ದಿನ. ಆದರೆ ನೆರೆಯವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ಆಚೆಮನೆ ಓಲ್ಟ್‌ಮನ್ ಒಂದು ಹಳೇ ಕಮೋಡನ್ನೇ ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು ಒಡೆದಿದ್ದ. ಭೂಮಿಯ ಮೇಲೆ ಇಂಥ ತಮಾಷೆ ಇದೇ ಮೊದಲು ಎಂಬಂತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಹೋದ ವರ್ಷ ಗುಡ್ರುನ್‌ಳ ತಂಗಿಯ ಮಗಳ ಮದುವೆಗೂ ಅವನು ಒಡೆದದ್ದು ಕಮೋಡನ್ನೇ.

ಅಷ್ಟರಲ್ಲಿ ಅವಳ ಗಂಡ ಎಕಾರ್ಟ್ ಬೀಗರ ಮೊಣಕೈ ಹಿಡಿದು ಮೇಜಿನ ಕಡೆಗೆ ಎಳೆದೊಯ್ಯುವುದು ಕಾಣಿಸಿತು.

ಬೆಳಿಗ್ಗೆ ಮಗಳು ವೀಬ್ಕೆ ಅಡುಗೆಮನೆಗೆ ಬಂದು ಕೈ ಹಿಡಿದುಕೊಂಡಿದ್ದಳು. "ಅಮ್ಮ, ಅಪ್ಪ ಇವತ್ತು ಆ ಪದಗಳ ಪುರಾಣ ಬಿಚ್ಚದೆ ಇರೋ ಹಾಗೆ ನೋಡ್ಕೋ. ಅದರಲ್ಲೂ ಮನೆಮಂದಿ ಪದಗಳು ಬೇಡವೇ ಬೇಡ. ಡೆರಿಕ್ ಮಗಳು ತೀರಿಹೋಗಿ ಇನ್ನೂ ಎರಡು ವರ್ಷ ಆಗಿಲ್ಲ. ಅವಳ ಮಾತು ಬಂದ್ರೆ ನನ್ನ ನೇತನ್ ಕೂಡ ಕೂತಲ್ಲೇ ಕುಸಿದುಬಿಡ್ತಾನೆ. ನೀನು ಮಾತು ಕೊಡು." ಗುಡ್ರುನ್ ಮಾತು ಕೊಟ್ಟಿದ್ದಳು. ಕೂಡಲೇ ಹೋಗಿ ಗಂಡನಿಗೆ ಬಿಡಿಸಿ ಹೇಳಿಯೂ ಇದ್ದಳು. ಅವನು ಕನ್ನಡಕ ಒರೆಸುತ್ತ, "ನಾನು ಮಾತಾಡೋದು ಪದದ ವಿಷಯ ಕಣೇ, ಯಾರ ಮನೆ ಹುಡುಗಿ ವಿಷಯಾನೂ ಅಲ್ಲ" ಎಂದಿದ್ದ.

ಮೂವತ್ತು ವರ್ಷ ಇಂಗ್ಲಿಷ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಮನೆಯಲ್ಲಿ ತುತ್ತು ಬಾಯಿಗೆ ಹೋಗುವ ಮೊದಲು ಜರ್ಮನಿನ ಬ್ರೋಟ್‌ಗೆ ಇಂಗ್ಲಿಷಿನ ಬ್ರೆಡ್ ನೆಂಟ, ವಾಸರ್‌ಗೆ ವಾಟರ್ ನೆಂಟ ಎಂದು ಒಪ್ಪಿಸಲೇಬೇಕು. ಹೆತ್ತ ತಾಯಿಯನ್ನು ಮಣ್ಣು ಮಾಡುವಾಗಲೂ ಗುಂಡಿಯ ಪಕ್ಕ ನಿಂತು ಪಾದ್ರಿಗೆ ಗ್ರಾಬ್, ಗ್ರೇವ್ ಎರಡಕ್ಕೂ ಬೇರು ಒಂದೇ ಎಂದು ವಿವರಿಸಿದ ಮಹಾನುಭಾವ. ಅವನಿಗೆ ಪದಗಳ ನೆಂಟಸ್ತಿಕೆಯೆಲ್ಲ ಬಾಯಿಪಾಠ, ಮನುಷ್ಯರದ್ದು ಒಂದೂ ನೆನಪಿರುವುದಿಲ್ಲ. ಆವತ್ತು ಗುಡ್ರುನ್ ತಲೆ ತಗ್ಗಿಸಿ ಸುಮ್ಮನಿದ್ದಳು. ಅವನ ಮೇಲಿನ ತಾತ್ಸಾರ ಅವಳಿಗೆ ಹಳೆಯದು. ಹಾಗೆ ಸುಮ್ಮನಿದ್ದುಬಿಡುವ ತನ್ನ ಮೇಲೆ ಅದಕ್ಕಿಂತ ಹೆಚ್ಚು.

"ನೋಡಿ ಡೆರಿಕ್, ನಾವು ನೀವು ಬೀಗರಾಗೋದು ನಾಳೆ. ನಮ್ಮ ಭಾಷೆಗಳು ಸಾವಿರಾರು ವರ್ಷದಿಂದ ಬೀಗರು!" ಎಕಾರ್ಟ್ ಇಂಗ್ಲಿಷಿನಲ್ಲಿ ಹೇಳುತ್ತ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಬೆರಳು ಮಡಿಸತೊಡಗಿದ. "ನಾನು ಹೇಳ್ತೀನಿ, ಅದರ ಜೋಡಿ ನೀವು ಹೇಳಿ. ಫಾಟರ್!"

"ಫಾದರ್," ಎಂದ ಡೆರಿಕ್, ಸಂಕೋಚದಿಂದ ನಗುತ್ತ.

"ಮುಟರ್!"

"ಮದರ್."

"ಬ್ರೂಡರ್!"

"ಬ್ರದರ್."

ನೆರೆಯವರು ಸುತ್ತ ಸೇರಿಕೊಂಡು, ಮಗು ಪದ್ಯ ಒಪ್ಪಿಸುತ್ತಿದೆಯೇನೋ ಎನ್ನುವಂತೆ ಚಪ್ಪಾಳೆ ತಟ್ಟಿದರು. ಅರವತ್ತು ದಾಟಿದ ಮನುಷ್ಯ, ತೊಡೆಯ ಮೇಲೆ ಕೈ ಇಟ್ಟುಕೊಂಡು ಶಾಲೆಯ ಹುಡುಗನ ಹಾಗೆ ಕೂತಿದ್ದ.

"ಇನ್ನು ನನ್ನ ಅಚ್ಚುಮೆಚ್ಚಿನದು. ಸಂಸ್ಕೃತದ ದುಹಿತೃ ಕೂಡ ಇದೇ ಬೇರಿನದು, ಗೊತ್ತಾ? ಟೋಖ್ಟರ್!"

ಡೆರಿಕ್ ನಗು ನಿಂತಿತು. ಅತ್ತ ಮೆಟ್ಟಿಲ ಬುಡದಲ್ಲಿ ಗುಡಿಸುತ್ತಿದ್ದ ಮದುಮಗ ನೇತನ್ ಪೊರಕೆ ಹಿಡಿದು ಹಾಗೇ ನೆಟ್ಟಗಾದ.

"ಹೇಳಿ, ಹೇಳಿ! ನಡುವೆ ಒಂದು ಗಂಟಲ ಸದ್ದಿತ್ತು, ನೀವು ಇಂಗ್ಲಿಷಿನವರು ನುಂಗಿಬಿಟ್ರಿ. ಜಿ, ಎಚ್ ಅಂತ ಬರೆಯೋದು ಬರೀತೀರಿ, ಬಾಯಲ್ಲಿ ಮಾತ್ರ ಬರಲ್ಲ. ಸೋಮಾರಿಗಳಪ್ಪ ನೀವು!"

ಓಲ್ಟ್‌ಮನ್ ಗಹಗಹಿಸಿ ನಕ್ಕ.

"ಎಕಾರ್ಟ್, ಸಾಕು," ಎಂದಳು ಗುಡ್ರುನ್.

"ಒಂದು ನಿಮಿಷ ಇರೇ. ಹೇಳಿ ಡೆರಿಕ್, ಅಷ್ಟು ಕಷ್ಟದ ಪದ ಏನಲ್ಲ."

ಡೆರಿಕ್ ಬಾಯಿ ತೆರೆದ. ತುಟಿ ಅಲುಗಿತು. ಸ್ವರ ಬರಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದ. ಅತಿಥಿಯಾಗಿ ಬಂದು ಮನೆಯವರ ಮಾತು ಮೀರಬಾರದೆಂದು ಅವನು ನಿಜಕ್ಕೂ ಒದ್ದಾಡುತ್ತಿರುವುದನ್ನು ಕಂಡು ಗುಡ್ರುನ್ ಮೆಟ್ಟಿಲಿಳಿದು ಮೇಜಿನ ಹತ್ತಿರ ಬಂದಳು. ಪಾತ್ರೆಯನ್ನು ಕುಕ್ಕಿ, ಗಂಡ ಸರಿಸಿಟ್ಟಿದ್ದ ತಟ್ಟೆಯನ್ನು ಸಲಾಡು ಸಮೇತ ಎತ್ತಿಕೊಂಡು ಮೆಟ್ಟಿಲಿಗೆ ಅಪ್ಪಳಿಸಿದಳು.

ಜನ ಅಭ್ಯಾಸಬಲದಿಂದ ಹೋ ಎಂದು ಕೂಗಿದರು. ಚೂರುಗಳ ನಡುವೆ ಆಲೂಗಡ್ಡೆ ಕಂಡ ಮೇಲೆ ಆ ಕೂಗು ಅರ್ಧಕ್ಕೇ ಅಡಗಿತು.

"ಏನೇ ಇದು, ನಾನಿನ್ನೂ ತಿಂದೇ ಇರ್ಲಿಲ್ಲ!"

"ತಿನ್ನೋದಕ್ಕೆ ನಿನ್ನ ಬಾಯಿಗೆ ಬಿಡುವು ಎಲ್ಲಿತ್ತು? ಮಗಳನ್ನ ಕಳಕೊಂಡವನನ್ನ ಮುಂದೆ ಕೂರಿಸ್ಕೊಂಡು ಆ ಪದಾನೇ ಹೇಳಿಸ್ತೀಯಲ್ಲ, ನಾಚಿಕೆ ಆಗಲ್ವೇನೋ ನಿಂಗೆ? ಬೇರು ಹುಡುಕ್ತಾನಂತೆ, ಬೇರು! ಬಾಯಿ ಮುಚ್ಕೊಂಡು ಕೂತ್ಕೋ."

ನೆರೆಯವರೆಲ್ಲರ ಎದುರಿಗೆ ಅವಳು ಗಂಡನನ್ನು ಹೀಗೆ ಅಂದದ್ದು ಇದೇ ಮೊದಲು. ಎಕಾರ್ಟ್ ಮುಖ ಕೆಂಪೇರಿತು. "ಉದಾಹರಣೆಗೆ ಅಂತ..." ಎಂದು ಶುರು ಮಾಡಿದವನು ಯಾರೂ ತನ್ನತ್ತ ನೋಡುತ್ತಿಲ್ಲವೆಂದು ತಿಳಿದು ಕನ್ನಡಕ ತೆಗೆದು ಒರೆಸತೊಡಗಿದ. ಓಲ್ಟ್‌ಮನ್ ತನ್ನ ಬಿಯರ್ ಲೋಟದೊಳಗೆ ಇಣುಕಿ ನೋಡುತ್ತಿದ್ದ.

ಗುಡ್ರುನ್‌ಳ ಜರ್ಮನ್ ಒಂದಕ್ಷರವೂ ಡೆರಿಕ್‌ಗೆ ಅರ್ಥವಾಗಿರಲಿಲ್ಲ. ಆದರೂ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎದ್ದ. ತಾನು ಅರ್ಧ ತಿಂದಿದ್ದ ಸಾಸೇಜನ್ನು ಜೋಪಾನವಾಗಿ ಕಾಗದದ ಕರವಸ್ತ್ರದ ಮೇಲಿಟ್ಟು, ಖಾಲಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲ ಹತ್ತಿರ ಹೋದ. ತಲೆಯ ಮೇಲೆತ್ತಿ ಬಲವೆಲ್ಲ ಹಾಕಿ ಒಗೆದ.

ಈ ಸಲ ಯಾರೂ ಕೂಗಲಿಲ್ಲ. ಡೆರಿಕ್ ಚೂರುಗಳ ನಡುವೆಯೇ ನಿಂತುಕೊಂಡಿದ್ದ. ವೀಬ್ಕೆ ಪೊರಕೆ ತಂದು ನಿಧಾನವಾಗಿ ಗುಡಿಸತೊಡಗಿದಳು. ಅವನ ಬೂಟುಗಳ ಹತ್ತಿರ ಬಂದಾಗ ಪಕ್ಕಕ್ಕೆ ಸರಿಯಿರಿ ಎನ್ನಲಿಲ್ಲ. ಬೂಟುಗಳನ್ನು ಮುಟ್ಟದೆ, ಅವುಗಳ ಸುತ್ತಲೂ ಗುಡಿಸಿದಳು.