ಕೊನ್ರಾಡ್ ಒರೆಸಿದ ಮುಖ

ಮಧ್ಯಾಹ್ನದ ತನಕ ಕೊನ್ರಾಡ್ ಚಹಾ ಮುಟ್ಟುವವನಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ, ಎಲೆಅಡಿಕೆ ಯಾವುದೂ ಅವನ ಬಾಯಿಗೆ ಸೇರದು. ಕೊಲ್ಲಿ ನಾಡಿನ ಹವಲ್ಲಿಯಲ್ಲಿ ನಮ್ಮ ಮನೆಯ ಕೆಳಗೇ ಅವನದು ಹಳೆಯ ಚಿತ್ರಗಳನ್ನು ಸರಿಪಡಿಸುವ ಅಂಗಡಿ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ, ಎರಡು ಕನ್ನಡ ಮಾತು ಕಿವಿಗೆ ಬೀಳಲೆಂದು ನಾನು ಅಲ್ಲಿಗಿಳಿದು ಕೂರುತ್ತಿದ್ದೆ. ಎಸಿಯ ಚಳಿಗೆ ಹೊಲಿಸಿಕೊಂಡ ಬೂದು ಕೋಟು, ಎಡಕ್ಕೆ ವಾಲಿದ ಕುತ್ತಿಗೆ, ಬೆಕ್ಕಿನಂತೆ ಸದ್ದಿಲ್ಲದ ನಡಿಗೆ, ಮಾತಿಗೊಮ್ಮೆ "ನಿಧಾನ, ನಿಧಾನ" ಎಂದು ತನಗೆ ತಾನೇ ಹೇಳಿಕೊಳ್ಳುವ ಮಂಗಳೂರಿನ ಸೌಮ್ಯ ಜೀವ.

ಮೊದಲ ಸಲ ಚಹಾ ಒಯ್ದಾಗ ಬೇಡವೆಂದ.

"ಯಾಕೋ ತಮ್ಮಾ, ನನ್ನ ಕೈ ಚಾ ನಿನ್ನ ಗಂಟಲಾಗ ಇಳಿಯಂಗಿಲ್ಲೇನು?"

"ಅಯ್ಯೋ ಅಮ್ಮ, ನನಗೆ ಶುದ್ಧ ಉಗುಳು ಬೇಕು ಮಾರಾಯ್ರೆ!"

ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಯ ಮೇಲಿಟ್ಟು ತೇವ ಮಾಡಿ, ಅದರಿಂದಲೇ ಅವನು ಚಿತ್ರದ ಕೊಳೆ ತೆಗೆಯುತ್ತಿದ್ದ. ನಾವು ಸೆರಗಿನ ತುದಿ ಎಂಜಲು ಮಾಡಿ ಕೂಸಿನ ಮೋರೆ ಒರೆಸುವುದಿಲ್ಲವೇ, ಹಾಗೆ.

ಕಳೆದ ಚಳಿಗಾಲ ಇಲ್ಲಿನ ದೊಡ್ಡ ಮನೆಯೊಂದರಿಂದ ಬಂದದ್ದು, ಇನ್ನೂರೈವತ್ತು ವರ್ಷದ ಹಿಂದಿನ ಇಂಗ್ಲಿಷ್ ಜಮೀನ್ದಾರರೊಬ್ಬರ ಮಗಳ ಚಿತ್ರ: ಬಿಳಿ ಲಂಗ, ನೀಲಿ ನಡುಪಟ್ಟಿ, ತೊಡೆಯ ಮೇಲೆ ನಾಯಿಮರಿ, ಬೆಣ್ಣೆಯಂಥ ಕೆನ್ನೆ. ಕೊಳೆ ಕಳೆದ ಮೇಲೆ ಆ ಕೆನ್ನೆಯ ಬಣ್ಣ ಬೇರೆ ಯಾರೋ ಆಮೇಲೆ ಬಳಿದದ್ದೆಂದು ಕೊನ್ರಾಡನಿಗೆ ತಿಳಿಯಿತು. ಹಕ್ಕಳೆಯೆದ್ದಿದ್ದ ಅದನ್ನೂ ಔಷಧ ಹಾಕಿ ಬಿಡಿಸಿದ. ಅಡಿಯಲ್ಲಿ ಸಿಡುಬಿನ ಕುಳಿಗಳು.

ಚಿತ್ರ ಒಯ್ಯಲು ಬಂದ ಆ ಮನೆಯ ಡ್ರೈವರ್ ಅಬ್ದುಲ್ ರಹಿಮಾನ್ ಹೌಹಾರಿದ. "ಚಂದದ ಮುಖ ಹಾಳು ಮಾಡಿದೆಯಲ್ಲ ಮಾರಾಯ! ಒಂಚೂರು ಬಣ್ಣ ಹಚ್ಚು, ಖಲಾಸ್. ನಾಡಿದ್ದು ಮದುವೆ, ಅಲ್ಲಿ ಗೋಡೆ ಖಾಲಿ ಉಂಟು."

"ಈ ಕುಳಿ ಚಿತ್ರ ಬರೆದವನೇ ಬರೆದದ್ದು ಭಾಯಿ. ಒಂದೊಂದು ಕುಳಿಗೂ ಬೆಳಕು ಕೊಟ್ಟಿದ್ದಾನೆ ನೋಡು. ನಾನು ಮುಚ್ಚುವುದಿಲ್ಲ."

"ಮೇಡಂಗೆ ಸಿಟ್ಟು ಬಂದ್ರೆ ಮತ್ತೆ ಕೆಲಸ ಬರ್ಲಿಕ್ಕಿಲ್ಲ. ಗೊತ್ತುಂಟಲ್ಲ?"

"ಗೊತ್ತುಂಟು."

ಆ ಮನೆಯವರ ಕೆಲಸವೇ ಅಂಗಡಿಗೆ ಆಧಾರ.

ಆ ಕೂಸಿನ ವಯಸ್ಸಿನಲ್ಲಿ ನನಗೂ ಸಿಡುಬು ಬಂದಿತ್ತು. ಮದುವೆಯ ಫೋಟೋದಲ್ಲಿ ಸ್ಟುಡಿಯೋದವನು ನನ್ನ ಮುಖವನ್ನು ಮೊಸರಿನಂತೆ ಬೆಳ್ಳಗೆ, ನುಣ್ಣಗೆ ಮಾಡಿಕೊಟ್ಟಾಗ ಮನೆಯವರೆಲ್ಲ ಹಿಗ್ಗಿದ್ದರು. ಅಂದಿನಿಂದ ಹೊರಗಿನವರ ಎದುರು ಕೆನ್ನೆಗೆ ಸೆರಗೆಳೆಯುವುದು ನನಗೆ ಉಸಿರಾಟದಷ್ಟೇ ಸಹಜವಾಗಿಬಿಟ್ಟಿತ್ತು. ಆದರೆ ಈ ಡ್ರೈವರನ ಎದುರು ನಾನೇ ಸೆರಗು ಸರಿಸಿದೆ.

"ಇರಲಿ ಬಿಡಪಾ. ಬದುಕಿ ಉಳಿದ ಕೂಸಿನ ಗುರುತು ಅವು."

ಅಬ್ದುಲ್ ರಹಿಮಾನ್ ನನ್ನನ್ನು ನೋಡಿದ, ಚಿತ್ರವನ್ನು ನೋಡಿದ. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದ.

ಚಿತ್ರ ಹಾಗೆಯೇ ಗೋಡೆಗೇರಿತಂತೆ. ಆದರೆ ಆ ಮನೆಯಿಂದ ಮತ್ತೆ ಕೆಲಸ ಬರಲಿಲ್ಲ. ಕೊನ್ರಾಡ್ ಈಗ ಹೆಚ್ಚಾಗಿ ಫೋಟೋಗಳಿಗೆ ಕಟ್ಟು ಹಾಕುತ್ತಾನೆ. ಯಾರನ್ನೂ ದೂರಿದ್ದು ನಾನು ಕೇಳಿಲ್ಲ.

ನಮ್ಮನ್ನು ಚಂದ ಮಾಡಿ ತೋರಿಸುವವರಿಗೆ ಲೋಕದಲ್ಲಿ ಬರವಿಲ್ಲ. ಕೊಳೆ ಯಾವುದು, ಮುಖ ಯಾವುದು ಎಂದು ಬಲ್ಲವರು ವಿರಳ. ಬಲ್ಲ ಮೇಲೆ ಕೈ ತಡೆದು ಅಲ್ಲಿಗೇ ನಿಲ್ಲುವವರು ಇನ್ನೂ ವಿರಳ. ಅಂಥವರ ಕೈಗೆ ಸಿಕ್ಕ ಮುಖ ಪುಣ್ಯ ಮಾಡಿರಬೇಕು. ಆ ಪುಣ್ಯದಲ್ಲಿ ನನಗೂ ಒಂದು ಪಾಲು ದಕ್ಕಿತು.