ಹೋದ ವರ್ಷದ್ದೋ ಈ ವರ್ಷದ್ದೋ

ಹೊಸ ಲ್ಯಾಪ್‌ಟಾಪ್‌ಗಳು ಮಾರುಕಟ್ಟೆಗೆ ಬಂದ ವಾರ ಆ ಮನೆಯ ಸೊಸೆಗೆ ಬೀದಿಯಲ್ಲಿ ನೆಮ್ಮದಿಯಾಗಿ ನಡೆಯಲು ಆಗುತ್ತಿರಲಿಲ್ಲ. ಎದುರಿಗೆ ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಈ ಸಲದ್ದು ತಗೋಬಹುದಾ?" ಕೆಳಗಿನ ಮಹಡಿಯ ದಂತವೈದ್ಯೆ ಮೆಟ್ಟಿಲ ಮೇಲೆ ಅಡ್ಡ ನಿಂತು ಕೇಳಿದಳು. ಕ್ಷೌರದಂಗಡಿಯವನಂತೂ ಅವಳ ಗಂಡನ ಕೂದಲನ್ನು ಅರ್ಧ ಕತ್ತರಿಸಿ, ಕತ್ತರಿ ಕೆಳಗಿಟ್ಟು, "ಮನೆಯವರಿಗೆ ಒಂದು ಫೋನ್ ಹಚ್ಚಿ ಸಾರ್, ಕೇಳಿಬಿಡೋಣ" ಎಂದನಂತೆ.

ಕೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ಅವಳ ಕೆಲಸವೇ ಅದು. ತಂತ್ರಜ್ಞಾನದ ಪತ್ರಿಕೆಯೊಂದಕ್ಕೆ ಅವಳು ಹೊಸ ಯಂತ್ರಗಳನ್ನು ಬಳಸಿ ನೋಡಿ ಬರೆಯುತ್ತಿದ್ದಳು. ಎರಡು ಪುಟದ ಲೇಖನದ ಕೊನೆಯಲ್ಲಿ ದಪ್ಪ ಅಕ್ಷರದ ಒಂದು ಸಾಲು ಇರುತ್ತಿತ್ತು: ಇರುವುದನ್ನು ಬದಲಿಸಬೇಕೋ ಬೇಡವೋ. ಓದುಗರು ಉಳಿದದ್ದನ್ನೆಲ್ಲ ಹಾರಿಸಿ ಆ ಸಾಲನ್ನಷ್ಟೇ ಓದುತ್ತಾರೆಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಆ ಸಾಲಿಗೇ ಅವಳು ಹೆಚ್ಚು ತಲೆ ಕೆಡಿಸಿಕೊಳ್ಳುತ್ತಿದ್ದಳು.

ಈ ಸಲ ತಲೆನೋವು ಜಾಸ್ತಿ. ಕಂಪನಿ ಪರೀಕ್ಷೆಗೆಂದು ಕಳಿಸಿದ ಹೊಸ ಯಂತ್ರ, ಅವಳು ಹೋದ ವರ್ಷವಷ್ಟೇ ಕೊಂಡಿದ್ದ ಯಂತ್ರದ ಪಡಿಯಚ್ಚು. ಅದೇ ಬೂದು ಬಣ್ಣ, ಅದೇ ತೂಕ, ಅದೇ ಕೀಲಿಮಣೆ. ಒಳಗಿನ ಚಿಪ್ ಮಾತ್ರ ಹೊಸದು. ಇನ್ನೊಂದು ಬದಲಾವಣೆಯೆಂದರೆ ಅಂಗಡಿಯಲ್ಲಿ ಈಗ ನೀಲಿ ಬಣ್ಣದ್ದೂ ಸಿಗುತ್ತದೆ. ಮೊದಲ ದಿನ ಅವಳು ಎರಡನ್ನೂ ಅಕ್ಕಪಕ್ಕ ಇಟ್ಟು ವೇಗ ಅಳೆದಳು. ಹೊಸದು ತುಸು ಮುಂದಿತ್ತು. ಆದರೆ ಅಳತೆಯಲ್ಲಿ ಕಂಡ ವ್ಯತ್ಯಾಸ ದಿನದ ಬಳಕೆಯಲ್ಲೂ ಕಾಣಬೇಕಲ್ಲ? ಪಕ್ಷಪಾತ ಆಗಬಾರದೆಂದು ಎರಡರಲ್ಲಿದ್ದುದನ್ನೂ ಪೂರ್ತಿ ಅಳಿಸಿ, ಒಂದೇ ರೀತಿ ಸಜ್ಜು ಮಾಡಿ, ಹೊಸದರ ಮೇಲೊಂದು ಹಳದಿ ಚೀಟಿ ಅಂಟಿಸಿದಳು. ಒಂದು ವಾರ ಅದರಲ್ಲೇ ಕೆಲಸ ಮಾಡುವುದೆಂದು ತೀರ್ಮಾನಿಸಿದಳು.

ಮಾರನೆಯ ದಿನ ಮಾವ ತಮ್ಮ ಲ್ಯಾಪ್‌ಟಾಪ್ ಹೊತ್ತುಕೊಂಡು ಅವಳ ಕೋಣೆಯ ಬಾಗಿಲಿಗೆ ಬಂದರು.

"ಅಮ್ಮಾ, ಇದು ಯಾಕೋ ಉಸಿರೇ ಬಿಡ್ತಿಲ್ಲ."

ಮಾವನ ದನಿ ಯಾವಾಗಲೂ ಒಂದು ಪಟ್ಟು ಮೇಲೆ. ಜೀವನವಿಡೀ ಮುದ್ರಣಾಲಯದ ಯಂತ್ರಗಳ ಮಧ್ಯೆ ನಿಂತು ಕೂಗಿ ಮಾತಾಡಿದವರು. ನಿವೃತ್ತಿಯಾದ ಮೇಲೂ ಕೂಗುವುದನ್ನು ಬಿಟ್ಟಿರಲಿಲ್ಲ. ಅವರ ಲ್ಯಾಪ್‌ಟಾಪ್ ಬಲು ಹಳೆಯದು, ದಪ್ಪನೆಯದು. ಮಗ ಕಾಲೇಜು ಮುಗಿಸಿ ಬಿಟ್ಟದ್ದನ್ನು ಅಪ್ಪ ಹಿಡಿದಿದ್ದರು. ಅವಳು ನೋಡಿದಳು. ಯಂತ್ರ ಸರಿಯಾಗೇ ಇತ್ತು, ಚಾರ್ಜರ್ ಸತ್ತಿತ್ತು.

"ಚಾರ್ಜರ್ ತರಿಸ್ತೀನಿ ಮಾವ. ಅಲ್ಲೀತನಕ ನನ್ನದನ್ನ ತಗೊಳ್ಳಿ. ಮೇಜಿನ ಮೇಲಿದೆ. ಹಳದಿ ಚೀಟಿ ಇಲ್ಲದೇ ಇರೋದು. ಚೀಟಿ ಇರೋದು ಕಂಪನೀದು, ಅದು ಬೇಡ."

"ಚೀಟಿ ಇಲ್ಲದ್ದು. ಆಯ್ತು," ಎಂದು ಮಾವ ಹೋದರು.

ಮಾವನಿಗೆ ಲ್ಯಾಪ್‌ಟಾಪ್ ಬೇಕಾಗಿದ್ದುದು ಒಂದೇ ಕೆಲಸಕ್ಕೆ. ಊಟವಾದ ಮೇಲೆ ಕಿಟಕಿಯ ಪಕ್ಕ ಕೂತು ದೂರದ ಊರಿನಲ್ಲಿದ್ದ ತಮ್ಮ ಅಕ್ಕನ ಜೊತೆ ಮುಖ ನೋಡಿಕೊಂಡು ಮಾತಾಡುವುದು. ಸೊಸೆ ಆಕೆಯನ್ನು ದೊಡ್ಡತ್ತೆ ಎನ್ನುತ್ತಿದ್ದಳು. ಆ ಮಾತು ಎಂದೂ ಹೆಚ್ಚು ಹೊತ್ತು ನಡೆಯುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆಲ್ಲ ದೊಡ್ಡತ್ತೆ "ಸರಿಯಪ್ಪಾ, ನಿಮ್ಮ ಕೆಲಸ ನಡೀಲಿ" ಎಂದು ಇಟ್ಟುಬಿಡುತ್ತಿದ್ದರು. ಅತ್ತೆ ಅದೇ ಕೋಣೆಯಲ್ಲಿ ಕೂತಿದ್ದರೂ ಪರದೆಗೆ ಮುಖ ತೋರಿಸುತ್ತಿರಲಿಲ್ಲ. "ನನ್ನನ್ನ ಯಾರು ಕೇಳಿದಾರೆ?" ಎಂದು ಮೂತಿ ತಿರುವುತ್ತಿದ್ದರು. ಅತ್ತೆಗೂ ದೊಡ್ಡತ್ತೆಗೂ ಜಗಳವೇನೂ ಆಗಿರಲಿಲ್ಲ. ಆದರೂ ಕೆಲವು ವರ್ಷಗಳಿಂದ ಅಷ್ಟಕ್ಕಷ್ಟೆ.

ಅಂದು ಮಧ್ಯಾಹ್ನ ಅತ್ತೆ ಮಗನ ಅಂಗಿಗೆ ಗುಂಡಿ ಹಚ್ಚುತ್ತಿದ್ದರು. ಸೊಸೆ ಪಕ್ಕದ ಕೋಣೆಯಲ್ಲಿ ಚೀಟಿ ಅಂಟಿಸಿದ ಯಂತ್ರದ ಮುಂದೆ ಲೇಖನಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಳು. ಬಾಗಿಲು ತೆರೆದಿತ್ತು.

"ಏನೋ ತಮ್ಮಾ, ನಿಮ್ಮನೇಲಿ ಕರೆಂಟ್ ಇಲ್ವಾ?" ದೊಡ್ಡತ್ತೆಯ ದನಿ ಕೇಳಿಸಿತು.

"ಇದೆಯಲ್ಲಕ್ಕಾ. ಯಾಕೆ?"

"ಮಿಕ್ಸಿ ಸದ್ದು ಬರ್ತಿಲ್ಲ."

"ಯಾವ ಮಿಕ್ಸಿ?"

"ಅದೇ ಕಣೋ, ನಿನ್ನ ಹೆಂಡತಿ ಮಿಕ್ಸಿ. ನಾನು ಬಾಯಿ ಬಿಡೋದೇ ತಡ, ಗುರ್ರ್ ಅಂತ ಶುರುವಾಗತ್ತಲ್ಲ? ಇಷ್ಟು ವರ್ಷದಲ್ಲಿ ನಾನು ಒಂದು ಮಾತು ಅಂದಿದೀನಾ? ಇಲ್ಲ. ನಾನು ಮಾತಾಡೋದು ಅವಳಿಗೆ ಬೇಡ ಅಂದ್ರೆ ಬೇಡ. ಬೇಗ ಇಟ್ಟುಬಿಡ್ತಿದ್ದೆ. ಇವತ್ತೇನು, ಮನೇಲಿಲ್ವಾ ಅವಳು?"

ಅತ್ತೆಯ ಸೂಜಿ ಅಲ್ಲೇ ನಿಂತಿತು. ಅಂಗಿಯನ್ನು ಕೈಯಲ್ಲಿ ಹಿಡಿದಂತೆಯೇ ಅವರು ಎದ್ದು ಬಂದರು. ಎಷ್ಟೋ ವರ್ಷಗಳ ಮೇಲೆ ಅವರ ಮುಖ ಆ ಪರದೆಯ ಮುಂದೆ ಬಂತು. ಮಾವ ಕುರ್ಚಿಯ ಅಂಚಿಗೆ ಸರಿದರು.

"ಅತ್ತಿಗೆ, ನಾನಿಲ್ಲೇ ಇದೀನಿ. ಊಟ ಆದ್ಮೇಲೆ ಯಾರಾದ್ರೂ ಮಿಕ್ಸಿ ಹಾಕ್ತಾರಾ? ನಮ್ಮನೆ ಮಿಕ್ಸಿ ಸುಟ್ಟುಹೋಗಿ ಮೂಲೆ ಸೇರಿ ಯಾವ ಕಾಲವಾಯ್ತು! ಮಾಡಿಸಿಕೊಡಿ ಅಂತ ಇವರನ್ನ ಕೇಳಿ ಕೇಳಿ ನನ್ನ ಬಾಯಿ ಒಣಗಿದೆ."

"ಹೌದಕ್ಕಾ," ಎಂದರು ಮಾವ ತಪ್ಪಿತಸ್ಥರಂತೆ.

"ಹಾಗಾದ್ರೆ ಆ ಗುರ್ರ್ ಏನು?"

ಪಕ್ಕದ ಕೋಣೆಯಲ್ಲಿ ಸೊಸೆ ಹಣೆ ಚಚ್ಚಿಕೊಂಡಳು. ಓಡಿಬಂದು ಅತ್ತೆ ಮಾವನ ನಡುವೆ ತಲೆ ತೂರಿಸಿದಳು.

"ದೊಡ್ಡತ್ತೆ, ಅದು ಫ್ಯಾನು! ಮಾವನ ಹಳೇ ಲ್ಯಾಪ್‌ಟಾಪ್ ಒಳಗೆ ಪುಟ್ಟ ಫ್ಯಾನ್ ಇದೆ. ಅದು ಬಿಸಿಯಾದ ಕೂಡ್ಲೇ ಫ್ಯಾನ್ ಜೋರಾಗಿ ತಿರುಗತ್ತೆ. ಮೈಕ್ ಅದರ ಪಕ್ಕದಲ್ಲೇ ಇರೋದು. ನಮಗಿಂತ ನಿಮಗೇ ಜಾಸ್ತಿ ಕೇಳಿಸ್ತಿತ್ತು ಅನ್ಸತ್ತೆ. ಇವತ್ತು ಮಾವ ಕೂತಿರೋದು ನನ್ನ ಲ್ಯಾಪ್‌ಟಾಪ್ ಮುಂದೆ. ಇದರಲ್ಲಿ ಫ್ಯಾನೇ ಇಲ್ಲ."

"ಮತ್ತೆ ಇವನಿಗೆ ಕೇಳಿಸ್ತಿರಲಿಲ್ವಾ?"

"ಇವರಿಗಾ?" ಅತ್ತೆ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. "ಪ್ರೆಸ್ಸಿನ ಮಿಷನ್‌ಗಿಂತ ಮೆತ್ತಗಿರೋದು ಯಾವುದೂ ಇವರ ಲೆಕ್ಕದಲ್ಲಿ ಸದ್ದೇ ಅಲ್ಲ."

ಆ ಕಡೆ ದೊಡ್ಡತ್ತೆ ನಗಲು ಶುರುಮಾಡಿದರು. ಮೊದಲು ಕಿಸಕ್ಕನೆ, ಆಮೇಲೆ ಕನ್ನಡಕ ತೆಗೆದಿಟ್ಟು, ಕಣ್ಣೊರೆಸಿಕೊಂಡು, ಹೊಟ್ಟೆ ಹಿಡಿದುಕೊಂಡು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಕೇಳೇ ಇಲ್ಲಿ, ನಿನಗೆ ಅಂತ ಒಂದು ಸ್ವೆಟರ್ ಹೆಣೆದಿದ್ದೆ. ಒಂದಿನ ಆ ಗುರ್ರ್ ಕೇಳಿ ಕೇಳಿ ಸಿಟ್ಟು ಬಂದು, ಎದ್ದುಹೋಗಿ ಪಕ್ಕದ ಮನೆಯವಳಿಗೆ ಕೊಟ್ಟುಬಿಟ್ಟೆ!"

"ಯಾವ ಬಣ್ಣದ್ದು?"

"ಹಸಿರು. ಗಿಳಿಹಸಿರು."

"ಬಿಡಿ, ನನಗೆ ಗಿಳಿಹಸಿರು ಒಪ್ಪಲ್ಲ," ಎಂದರು ಅತ್ತೆ. ಆಮೇಲೆ ದನಿ ತಗ್ಗಿತು. "ನೀವು 'ನಿಮ್ಮ ಕೆಲಸ ನಡೀಲಿ' ಅಂತ ಪಟ್ಟನೆ ಇಡೋದು ನೋಡಿ, ಅತ್ತಿಗೇಗೆ ನಾನು ಬೇಡವಾದೆ ಅಂದ್ಕೊಂಡಿದ್ದೆ."

"ನೀನು ಬೇಡವಾದ್ರೆ ನಾನು ಸ್ವೆಟರ್ ಯಾಕೆ ಹೆಣೀತೀನಿ?"

ಅಷ್ಟೇ. ಕಟ್ಟೆ ಒಡೆದಂತೆ ಮಾತು ಹರಿಯಿತು. ಯಾರ ಮದುವೆ, ಯಾರ ಮಂಡಿನೋವು, ಯಾರ ಮಗು ಯಾರನ್ನು ಹೋಲುತ್ತದೆ, ಎಲ್ಲ ಬಾಕಿಯಿತ್ತು. ಮಾವ ಬಾಯಿ ತೆರೆದಾಗಲೆಲ್ಲ ಇಬ್ಬರೂ ಒಟ್ಟಿಗೆ "ನೀನು ಸುಮ್ನಿರೋ", "ನೀವು ಸುಮ್ನಿರಿ" ಎಂದರು. ಸಂಜೆ ಗಂಡ ಈಜುಕೊಳದಿಂದ ಬಂದಾಗ ಅವನ ಅಂಗಿಗೆ ಇನ್ನೂ ಒಂದೇ ಗುಂಡಿ ಬಿದ್ದಿತ್ತು. ಅವನು ಮಕ್ಕಳಿಗೆ ಈಜು ಕಲಿಸುವವನು, ಗದ್ದಲ ಅವನಿಗೆ ಅಭ್ಯಾಸ. ಆದರೆ ತನ್ನ ಅಮ್ಮ ಹೀಗೆ ನಗುವುದನ್ನು ಅವನು ಕೇಳಿ ಬಹಳ ದಿನವಾಗಿತ್ತು. ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತ.

ವಾರ ಮುಗಿಯಿತು. ಸೊಸೆ ಲೇಖನ ಬರೆದು ಕಳಿಸಿದಳು. ಹೊಸ ಯಂತ್ರದ ಕೀಲಿಗಳು ಹೋದ ವರ್ಷಕ್ಕಿಂತ ಮೃದು, ಪರದೆ ಕಣ್ಣಿಗೆ ಇನ್ನಷ್ಟು ಹಿತ, ಕೆಲಸವೆಲ್ಲ ಚುರುಕು ಎಂದು ಹೊಗಳಿದ್ದಳು. ಸ್ವಲ್ಪ ಹೊತ್ತಿಗೆ ಸಂಪಾದಕರ ಫೋನ್ ಬಂತು.

"ಚೆನ್ನಾಗಿದೆಯಮ್ಮಾ. ಹಿಂಬದೀಲಿ ಮಾದರಿ ಸಂಖ್ಯೆ ಇರತ್ತಲ್ಲ, ಅದರದ್ದೊಂದು ಚಿತ್ರ ಕಳಿಸು. ಅಡಿಬರಹಕ್ಕೆ ಬೇಕು."

ಅವಳು ಯಂತ್ರವನ್ನು ಮಗುಚಿದಳು. ಸಂಖ್ಯೆ ಓದಿದಳು. ಕನ್ನಡಕ ಒರೆಸಿ ಮತ್ತೆ ಓದಿದಳು. ಹಳದಿ ಚೀಟಿ ಅಂಟಿದ್ದ ಆ ಯಂತ್ರ ಹೋದ ವರ್ಷದ್ದು, ಅವಳದೇ. ಹಾಗಾದರೆ ವಾರವಿಡೀ ಮಾವ ಮಾತಾಡಿದ್ದು ಕಂಪನಿಯ ಹೊಸದರಲ್ಲಿ!

"ಅತ್ತೇ, ಈ ಚೀಟಿ ನೀವೇನಾದ್ರೂ ಮುಟ್ಟಿದ್ರಾ?"

"ಆ ಹಳದೀದಾ? ಮೊದಲನೇ ದಿನ ಮೇಜು ಒರೆಸುವಾಗ ಕಿತ್ತು ಬಂತು. ಮತ್ತೆ ಅಂಟಿಸಿದೆನಲ್ಲ."

"ಯಾವುದಕ್ಕೆ ಅಂಟಿಸಿದ್ರಿ?"

"ಹೊಸದಕ್ಕೆ."

"ಹೊಸದು ಯಾವುದು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ನೋಡಿದ್ರೆ ಗೊತ್ತಾಗಲ್ವೇನೇ? ಒಂದರ ಮೇಲೆಲ್ಲ ಬೆರಳಚ್ಚು. ಇನ್ನೊಂದು ಪಳಪಳ ಅಂತಿತ್ತು."

ಬೆರಳಚ್ಚು ಅವಳದೇ. ಚಿತ್ರ ತೆಗೆಯಲೆಂದು ಹೊಸದನ್ನು ಅವಳು ಹತ್ತಾರು ಸಲ ಎತ್ತಿ ತಿರುಗಿಸಿದ್ದಳು. ತನ್ನದನ್ನು ಎಂದಿನಂತೆ ಬಟ್ಟೆಯಿಂದ ಉಜ್ಜಿ ಇಟ್ಟಿದ್ದಳು. ಅತ್ತೆಯ ಮೇಲೆ ಸಿಟ್ಟು ಮಾಡಿಕೊಳ್ಳಲು ಜಾಗವೇ ಇರಲಿಲ್ಲ. ಅವಳು ಸಂಪಾದಕರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡಳು. ಆ ಕಡೆಯಿಂದ ಚಹಾ ನೆತ್ತಿಗೇರಿದ ಕೆಮ್ಮು ಕೇಳಿಸಿತು.

"ಅಂದ್ರೆ ಒಂದು ವಾರ ನಿನಗೇ ಗೊತ್ತಾಗಲಿಲ್ಲ!" ಎಂದರು ಅವರು ಕೆಮ್ಮು ನಿಂತ ಮೇಲೆ. "ಓದುಗರಿಗೆ ಇದಕ್ಕಿಂತ ಒಳ್ಳೇ ಉತ್ತರ ಬೇಕಾ? ಇದನ್ನೇ ಬರೆಯಮ್ಮಾ. ನಾಳೆ ಸಂಜೆ ಒಳಗೆ ಕೊಡು."

ಒಂದು ಅನುಮಾನ ಮಾತ್ರ ಉಳಿದಿತ್ತು. ದೊಡ್ಡತ್ತೆಗೆ ಗುರ್ರ್ ಇಲ್ಲದೆ ಮಾತು ಕೇಳಿಸಿದ್ದು ಹೊಸದರಲ್ಲಿ. ಹೋದ ವರ್ಷದ್ದರಲ್ಲೂ ಹಾಗೇ ಕೇಳಿಸುತ್ತದೆಯೇ? ಅವಳು ಪರೀಕ್ಷೆಗೆ ಸಿದ್ಧಳಾದಳು. ತರಿಸಿದ ಚಾರ್ಜರ್ ಇನ್ನೂ ಬಂದಿರಲಿಲ್ಲ, ಮಾವನ ಹಳೆಯದಕ್ಕೆ ದಂತವೈದ್ಯೆಯ ಮನೆಯಿಂದ ಒಂದು ತಂದಳು. ಕಿಟಕಿಯ ಮೇಜಿನ ಮೇಲೆ ಮೂರನ್ನೂ ಸಾಲಾಗಿ ಇಟ್ಟು, ಮೂರಕ್ಕೂ ಸರದಿಯಂತೆ ಭಾರದ ಕೆಲಸ ಹಚ್ಚಿ ಬಿಸಿ ಮಾಡಿದಳು. ತೀರ್ಪುಗಾರ್ತಿ ದೊಡ್ಡತ್ತೆ. ಅವರು ಬೆಳಿಗ್ಗೆಯಿಂದಲೇ ತಲೆ ಬಾಚಿ ತಯಾರಾಗಿದ್ದರು.

"ಕಣ್ಣು ಮುಚ್ಕೊಳ್ಳಿ ದೊಡ್ಡತ್ತೆ. ಬರೀ ಕಿವಿ. ಮಾವ, ಮೂರರಲ್ಲೂ ಒಂದೇ ಮಾತು ಹೇಳಿ."

ಮಾವ ಗಂಟಲು ಸರಿಮಾಡಿಕೊಂಡು ಮೊದಲನೆಯದರ ಮುಂದೆ, "ಅಕ್ಕಾ, ಊಟ ಆಯ್ತಾ?" ಎಂದು ಗುಡುಗಿದರು.

"ಆಯ್ತು. ಚೆನ್ನಾಗಿ ಕೇಳಿಸ್ತು."

ಎರಡನೆಯದು. "ಅಕ್ಕಾ, ಊಟ ಆಯ್ತಾ?"

"ಈಗ ತಾನೇ ಹೇಳಿದೆನಲ್ಲೋ! ಇದೂ ಅದೂ ಒಂದೇ. ಒಂಚೂರೂ ಬೇರೆ ಇಲ್ಲ."

ಮೂರನೆಯದರಲ್ಲಿ ಮಾವ "ಅಕ್ಕಾ" ಎನ್ನುವಷ್ಟರಲ್ಲೇ ದೊಡ್ಡತ್ತೆ ಚಪ್ಪಾಳೆ ತಟ್ಟಿದರು. "ಬಂತು! ಬಂತು ನನ್ನ ಮಿಕ್ಸಿ!"

ಅತ್ತೆ ನಕ್ಕು ನಕ್ಕು ಗೋಡೆಗೆ ಒರಗಿದರು. ಆಮೇಲೆ ಕಣ್ಣು ಬಿಟ್ಟು ಮೂರರಲ್ಲೂ ತಮ್ಮನ ಮುಖ ನೋಡಿದ ದೊಡ್ಡತ್ತೆ ಇನ್ನೊಂದು ತೀರ್ಪು ಕೊಟ್ಟರು: "ಹೊಸ ಎರಡರಲ್ಲೂ ನಿನ್ನ ಸುಕ್ಕೆಲ್ಲ ಎಣಿಸಬಹುದು ಕಣೋ. ರೂಪಕ್ಕೆ ಹಳೇದೇ ವಾಸಿ."

ಅಂದೇ ಅವಳು ಲೇಖನವನ್ನು ಮೊದಲಿನಿಂದ ಬರೆದಳು. ಚೀಟಿಯ ಕಥೆಯನ್ನೂ ದೊಡ್ಡತ್ತೆಯ ಚಪ್ಪಾಳೆಯನ್ನೂ ಬಿಡಲಿಲ್ಲ. ಕೊನೆಯ ದಪ್ಪ ಸಾಲಿಗೆ ಈ ಸಲ ಹೆಚ್ಚು ಯೋಚಿಸಬೇಕಾಗಲಿಲ್ಲ: ನಿಮ್ಮದು ಹೋದ ವರ್ಷದ್ದಾದರೆ ಅಂಗಡಿಯ ಕಡೆ ತಿರುಗಿಯೂ ನೋಡಬೇಡಿ, ಗುರ್ರ್ ಎನ್ನುವ ಹಳೆಯದಾದರೆ ಇವತ್ತೇ ಹೊರಡಿ, ಆದರೆ ಹೋದ ವರ್ಷದ್ದು ಉಳಿದಿದೆಯೇ ಎಂದು ಮೊದಲು ಕೇಳಿ.

ಆ ಸಲಹೆಯನ್ನು ಎಲ್ಲರಿಗಿಂತ ಮೊದಲು ಪಾಲಿಸಿದವರು ಅತ್ತೆ. ಕಂಪನಿಯ ಯಂತ್ರ ವಾಪಸು ಹೋದ ದಿನವೇ ಗಂಡನನ್ನೂ ಸೊಸೆಯನ್ನೂ ಹೊರಡಿಸಿಕೊಂಡು ಅಂಗಡಿಗೆ ನಡೆದರು. ಮಾವ ನೀಲಿಯ ಮುಂದೆ ನಿಂತುಬಿಟ್ಟರು. ಮಾರುವ ಹುಡುಗಿ ಅದರ ಗುಣಗಾನಕ್ಕೆ ಶುರುಮಾಡಿದಳು.

"ಇದು ಮೊನ್ನೆ ಬಂದಿದ್ದು ಅಮ್ಮಾ. ಎಲ್ರೂ ಇದನ್ನೇ ಕೇಳ್ತಿದಾರೆ."

"ಹೋದ ವರ್ಷದ್ದು ಇದೆಯಾ?"

"ಇದೆ, ಒಂದೆರಡು ಉಳಿದಿವೆ, ಬೆಲೇನೂ ಇಳಿಸಿದೀವಿ. ಆದ್ರೆ ಹೊಸದು ಇನ್ನೂ ಸ್ಪೀಡ್ ಇದೆ ಅಮ್ಮಾ."

"ನನ್ನ ಸೊಸೆ ದಿನಾ ಇದೇ ಕೆಲಸ ಮಾಡೋಳು. ಅವಳಿಗೇ ಒಂದು ವಾರ ವ್ಯತ್ಯಾಸ ಗೊತ್ತಾಗಲಿಲ್ಲ. ಇನ್ನು ನನಗೆ ಗೊತ್ತಾಗತ್ತಾ?"

ಸೊಸೆ ಪಕ್ಕದ ಕಪಾಟಿನ ಇಯರ್‌ಫೋನ್‌ಗಳನ್ನು ಬಹಳ ಗಮನವಿಟ್ಟು ನೋಡತೊಡಗಿದಳು. ಅತ್ತೆ ಬೂದು ಯಂತ್ರವನ್ನು ಚಾಲೂ ಮಾಡಿಸಿ, ವೈದ್ಯರು ಎದೆ ಪರೀಕ್ಷಿಸುವಂತೆ ಬಗ್ಗಿ ಕಿವಿಯಿಟ್ಟು ಕೇಳಿದರು. ಮಾರುವ ಹುಡುಗಿಯೂ ಯಾಕೋ ಉಸಿರು ಬಿಗಿಹಿಡಿದಳು.

"ಇದನ್ನ ಕಟ್ಟಿಕೊಡಿ," ಎಂದರು ಅತ್ತೆ.

ಕೊಂಡದ್ದು ಮಾವನಿಗೆಂದು. ಆದರೆ ಅದು ಅವರ ಕೈಗೆ ಸಿಕ್ಕಿದ್ದು ಕಡಿಮೆ. ಮರುದಿನ ಮಧ್ಯಾಹ್ನ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ದೊಡ್ಡತ್ತೆ ಆ ಕಡೆಯಿಂದ ಉಣ್ಣೆಯ ಉಂಡೆಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಿದ್ದರು. ಇವರು ಅದು ಬೇಡ, ಇದು ಬೇಡ ಎನ್ನುತ್ತಿದ್ದರು. ಮಾವ ಕುರ್ಚಿಯ ಹಿಂದೆ ಎರಡು ಸುತ್ತು ಹಾಕಿ, ಸೊಸೆಯ ಕೋಣೆಗೆ ಬಂದರು.

"ಅಮ್ಮಾ, ನಿನ್ನ ಕೆಲಸ ಆಯ್ತಾ? ನಿನ್ನದು ಸ್ವಲ್ಪ ಕೊಡ್ತೀಯಾ? ಅಕ್ಕನ ಹತ್ರ ಮಾತಾಡ್ಬೇಕಿತ್ತು."

"ದೊಡ್ಡತ್ತೆ ಈಗ ಅತ್ತೆ ಜೊತೆ ಇದಾರಲ್ಲ ಮಾವ."

"ನಾನೂ ಒಂದು ಮೂಲೇಲಿ ಸೇರ್ಕೊಳ್ಳೋಕೆ ಆಗಲ್ವಾ?"

ಅವಳು ಬರೆಯುತ್ತಿದ್ದುದನ್ನು ಮುಚ್ಚಿ, ಮಾವನನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಆ ಮಾತಿನೊಳಗೆ ಸೇರಿಸಿಕೊಟ್ಟಳು. ಪರದೆಯ ಮೇಲೆ ಮೂರು ಮುಖಗಳು ಮೂಡಿದವು. "ಅಕ್ಕಾ! ನೀಲಿ ಉಣ್ಣೆ ಇದ್ರೆ ನನಗೂ ಒಂದು ಹೆಣಿ!" ಎಂದು ಮಾವ ಕೂಗಿದ್ದು ಯಂತ್ರಕ್ಕಿಂತ ಮೊದಲು ಗೋಡೆಯ ಮೂಲಕವೇ ಅತ್ತೆಗೆ ತಲುಪಿತು. ಆ ಕೋಣೆಯಲ್ಲೂ ಈ ಕೋಣೆಯಲ್ಲೂ ಒಟ್ಟಿಗೆ ನಗು ಎದ್ದಿತು.

ಗುರ್ರ್ ಎನ್ನುವ ಹಳೆಯದನ್ನು ಬಿಟ್ಟರೆ ಇನ್ನು ಅವಳಿಗೆ ಕೆಲಸ ಮಾಡಲು ಮನೆಯಲ್ಲಿ ಯಂತ್ರವೇ ಉಳಿದಿರಲಿಲ್ಲ. ಸಂಪಾದಕರಿಗೆ "ಇವತ್ತು ರಜೆ" ಎಂದು ಸಂದೇಶ ಕಳಿಸಿ, ಟವೆಲ್ ಹೆಗಲಿಗೆ ಹಾಕಿಕೊಂಡು, ಗಂಡನ ಈಜುಕೊಳದ ಕಡೆಗೆ ಹೆಜ್ಜೆ ಹಾಕಿದಳು. ಬಿಸಿಲು ಚೆನ್ನಾಗಿತ್ತು, ನೀರೂ ಬೆಚ್ಚಗಿತ್ತು.